ಪಂದ್ಯ ಮುಗಿದ ಮೇಲೆ ಎಲ್ಲರೂ ಸೆಲೆಕ್ಟರ್‌ಗಳೇ

ಟೆಸ್ಟ್ ಟೀಮ್ ಅನೌನ್ಸ್ ಆದ ದಿನ ನಮ್ಮ ಆಫೀಸಿನ ಊಟದ ಟೇಬಲ್‌ನಲ್ಲಿ ಕೆಲಸದ ಮಾತೇ ಇರೋದಿಲ್ಲ. ಹದಿನೈದು ಹೆಸರು ಬಂದಿರುತ್ತೆ, ಬಾರದೇ ಇರೋ ಹದಿನಾರನೆಯವನ ಬಗ್ಗೆ ನಮ್ಮ ಜಗಳ. "ಕರ್ನಾಟಕದವನು ಅಂತ ಕೈಬಿಟ್ಟರು, ಇನ್ನೇನು" ಅಂತ ಒಬ್ಬ ಶುರು ಮಾಡಿದರೆ, ಮೊಸರನ್ನ ಮುಗಿಯೋ ಹೊತ್ತಿಗೆ ಐದೂ ಸೆಲೆಕ್ಟರ್‌ಗಳ ರಾಜೀನಾಮೆ ನಮ್ಮ ಕೈಯಲ್ಲಿರುತ್ತೆ. ನಾನೂ ಅದೇ ಟೇಬಲ್‌ನವನು, ನಾನೂ ಬೈದಿದ್ದೇನೆ. ಈಗ ಅನ್ನಿಸ್ತಿರೋದು ಇಷ್ಟು: ಬೈಯೋದು ತಪ್ಪಲ್ಲ, ಆದರೆ ನಾವು ಬೈಯಬೇಕಾದ ಕಡೆ ಸುಮ್ಮನಿದ್ದು, ಸುಮ್ಮನಿರಬೇಕಾದ ಕಡೆ ಕೂಗಾಡ್ತೀವಿ.

ಕರುಣ್ ನಾಯರ್‌ನನ್ನೇ ತಗೊಳ್ಳಿ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಭಾರತದ ಪರ ಟೆಸ್ಟ್‌ನಲ್ಲಿ ಮುನ್ನೂರು ದಾಟಿದವರು ಸೆಹ್ವಾಗ್ ಬಿಟ್ಟರೆ ಇವನೊಬ್ಬನೇ. ಮುಂದಿನ ಟೆಸ್ಟ್ ಹೈದರಾಬಾದ್‌ನಲ್ಲಿ, ಬಾಂಗ್ಲಾದೇಶದ ವಿರುದ್ಧ. ಅಲ್ಲಿ ಹನ್ನೊಂದರಲ್ಲಿ ಇವನಿಲ್ಲ! ಇವತ್ತಿಗೂ ನಮ್ಮವರ ದೊಡ್ಡ ದೂರು ಇದೇ.

ನನಗೆ ಇದು ಅನ್ಯಾಯ ಅಂತ ಅನ್ನಿಸೋದಿಲ್ಲ. ಬೆರಳಿಗೆ ಪೆಟ್ಟಾಗಿ ಹೊರಗಿದ್ದ ರಹಾನೆ ವಾಪಸ್ ಬಂದಿದ್ದ. ಎರಡು ವರ್ಷ ತಂಡವನ್ನು ಹೊತ್ತವನ ಜಾಗ ಒಂದು ಇನಿಂಗ್ಸ್‌ನಿಂದ ಹೋಗಬಾರದು ಅಂತ ನಾಯಕ ಕೊಹ್ಲಿ ಬಹಿರಂಗವಾಗಿಯೇ ಹೇಳಿದ್ದ. ಒಪ್ಪೋದು ಬಿಡೋದು ನಿಮ್ಮಿಷ್ಟ, ಆದರೆ ಕಾರಣ ಅಂತ ಒಂದಿತ್ತು, ಅದನ್ನು ಬಾಯಿಬಿಟ್ಟು ಹೇಳಲಾಗಿತ್ತು. ಇನ್ನು, ಕನ್ನಡಿಗ ಅಂತ ತುಳಿದರು ಅನ್ನೋರು ಆಗ ಕೋಚ್ ಯಾರಿದ್ರು ಅಂತ ನೆನಪು ಮಾಡ್ಕೊಳ್ಳಿ. ಅನಿಲ್ ಕುಂಬ್ಳೆ. ಆಮೇಲೆ ಅದೇ ಸೀಸನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೂರು ಟೆಸ್ಟ್ ಸಿಕ್ಕವು. 26, 0, 23, 5. ಅದನ್ನು ನಮ್ಮ ಟೇಬಲ್‌ನಲ್ಲಿ ಯಾರೂ ಎತ್ತೋದಿಲ್ಲ.

ನಿಜವಾದ ಅನ್ಯಾಯ ಆಗಿದ್ದು 2018ರಲ್ಲಿ. ಇಂಗ್ಲೆಂಡ್ ಪ್ರವಾಸಕ್ಕೆ ಕರುಣ್‌ನನ್ನು ಮೊದಲಿನಿಂದಲೇ ಕರೆದುಕೊಂಡು ಹೋದರು. ನಾಲ್ಕು ಟೆಸ್ಟ್ ಕೂರಿಸಿದರು. ಕೊನೆಯ ಎರಡು ಟೆಸ್ಟ್‌ಗೆ ಅಂತ ಹನುಮ ವಿಹಾರಿಯನ್ನು ಹೊಸದಾಗಿ ಕರೆಸಿಕೊಂಡರು. ಓವಲ್‌ನಲ್ಲಿ ಜಾಗ ಖಾಲಿಯಾದಾಗ ಆಡಿದ್ದು ವಿಹಾರಿ. ಅಲ್ಲಿಂದ ಬಂದ ಮೇಲೆ ವೆಸ್ಟ್ ಇಂಡೀಸ್ ವಿರುದ್ಧದ ಸರಣಿಗೆ ಕರುಣ್‌ನ ಹೆಸರೇ ಇಲ್ಲ. ಒಂದು ಬಾಲ್ ಕೂಡ ಆಡದವನು ಫೇಲಾಗಿದ್ದು ಎಲ್ಲಿ, ಯಾವಾಗ? ಹನ್ನೊಂದು ಜನರನ್ನು ಇಳಿಸೋದು ನಾಯಕ ಮತ್ತು ಕೋಚ್, ತಂಡ ಆರಿಸೋದು ಸೆಲೆಕ್ಟರ್‌ಗಳು, ಸರಿ. ಆದರೆ ಇಲ್ಲಿ ಇಬ್ಬರೂ ಸೇರಿ ಒಬ್ಬನನ್ನು ಮಾಯ ಮಾಡಿದರು. ತನ್ನ ಜೊತೆ ಯಾರೂ ಮಾತಾಡಿಲ್ಲ ಅಂತ ಅವನು, ಮಾತಾಡಿದ್ದೇನೆ ಅಂತ ಆಗಿನ ಆಯ್ಕೆ ಸಮಿತಿ ಅಧ್ಯಕ್ಷ ಎಂ.ಎಸ್.ಕೆ. ಪ್ರಸಾದ್.

ಮಜಾ ಏನಂದ್ರೆ, ವಿಹಾರಿ ಆ ಟೆಸ್ಟ್‌ನಲ್ಲಿ 56 ಹೊಡೆದ, ಮೂರು ವಿಕೆಟ್ ಕೂಡ ತಗೊಂಡ. ಸ್ಕೋರ್‌ಕಾರ್ಡ್ ನೋಡಿ ತೀರ್ಪು ಕೊಡೋರಿಗೆ ಇದು ಒಳ್ಳೆ ಆಯ್ಕೆ! ವಿಹಾರಿದೇನೂ ತಪ್ಪಿಲ್ಲ, ಪಾಪ. ಆದರೆ ಅವನ 56 ರನ್, ಕರುಣ್‌ಗೆ ಹೇಳದೇ ಹೋದ ಕಾರಣಕ್ಕೆ ಉತ್ತರ ಆಗುತ್ತಾ?

ನನಗೆ ಇದು ಇಷ್ಟು ಉರಿಯೋದಕ್ಕೆ ಒಂದು ಸ್ವಂತ ಕಾರಣವಿದೆ. ಹಿಂದಿನ ಕಂಪನಿಯಲ್ಲಿ ಮೂರು ತಿಂಗಳು ಬೆಂಚ್ ಮೇಲಿದ್ದೆ. ಮುಂದಿನ ಪ್ರಾಜೆಕ್ಟ್ ನಿಂದೇ ಅಂತ ಹೇಳಿದ್ದರು. ಪ್ರಾಜೆಕ್ಟ್ ಬಂತು, ಹೊರಗಿನಿಂದ ಒಬ್ಬನನ್ನು ತಂದು ಕೂರಿಸಿದರು. ಅವನು ಚೆನ್ನಾಗೇ ಮಾಡಿದ, ನನಗಿಂತ ಚೆನ್ನಾಗಿ ಅಂತಾನೇ ಇಟ್ಕೊಳ್ಳಿ. ಆದರೆ ಯಾಕೆ ಅಂತ ಒಬ್ಬರೂ ಹೇಳಲಿಲ್ಲ. ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ "ಈ ವರ್ಷ ನಿಮ್ಮ ಕೊಡುಗೆ ಕಡಿಮೆ" ಅಂತ ಬರೆದಿದ್ದರು. ಕೆಲಸ ಕೊಟ್ಟಿದ್ದರೆ ತಾನೇ ಮಾಡೋಕೆ ಸ್ವಾಮಿ! ಅವತ್ತು ಕ್ಯಾಬ್‌ನಲ್ಲಿ ಸಿಲ್ಕ್ ಬೋರ್ಡ್ ದಾಟೋವರೆಗೂ ನನ್ನಲ್ಲಿ ಏನು ಕೊರತೆ ಅಂತ ಹುಡುಕ್ತಾ ಕೂತಿದ್ದೆ.

2025ಕ್ಕೆ ಬನ್ನಿ, ಎಲ್ಲ ತಿರುಗಾಮುರುಗಾ. ವಿಜಯ್ ಹಜಾರೆಯಲ್ಲಿ 779 ರನ್, ರಣಜಿ ಸೀಸನ್‌ನಲ್ಲಿ 863, ಕೇರಳದ ವಿರುದ್ಧ ಫೈನಲ್‌ನಲ್ಲಿ 86 ಮತ್ತು 135. ಎಂಟು ವರ್ಷದ ಮೇಲೆ ಮತ್ತೆ ಟೆಸ್ಟ್ ತಂಡಕ್ಕೆ ಬಂದ. ಇಂಗ್ಲೆಂಡ್‌ನಲ್ಲಿ ನಾಲ್ಕು ಟೆಸ್ಟ್, 205 ರನ್, ಒಂದೇ ಅರ್ಧ ಶತಕ. ಆಗ ಶುರುವಾಯ್ತು, ಆಯ್ಕೆಯೇ ತಪ್ಪು ಅನ್ನೋ ರಾಗ. ಅಲ್ರೀ, ದೇಶದೊಳಗೆ ಅಷ್ಟು ರನ್ ಗುಡ್ಡೆ ಹಾಕಿದವನನ್ನು ಆರಿಸದೆ ಇನ್ಯಾರನ್ನು ಆರಿಸಬೇಕಿತ್ತು? ಆಯ್ಕೆ ಸರಿಯೇ ಇತ್ತು, ಆಟ ಕೈಕೊಟ್ಟಿತು. ಆಮೇಲೆ ಕೈಬಿಟ್ಟಾಗ ಅಜಿತ್ ಅಗರ್ಕರ್ ಪತ್ರಕರ್ತರ ಮುಂದೆ ಕೂತು, ಇನ್ನೂ ಹೆಚ್ಚು ನಿರೀಕ್ಷೆ ಇತ್ತು, ದೇವದತ್ತ ಪಡಿಕ್ಕಲ್ ಈಗ ಉತ್ತಮ ಆಯ್ಕೆ ಅನ್ನೋ ಅರ್ಥದಲ್ಲಿ ಹೇಳಿದರು. ಕಹಿ, ಆದರೆ ಉತ್ತರ. ಪಡಿಕ್ಕಲ್ ಕೂಡ ನಮ್ಮ ಕರ್ನಾಟಕ ತಂಡದವನೇ, ಆ ದಿನ ನಮ್ಮ ಟೇಬಲ್‌ಗೆ ಸ್ವಲ್ಪ ಗಲಿಬಿಲಿ.

ಒಂದು ವಿಷಯ ಬಿಟ್ಟೆ. ಆ 779 ಮತ್ತು 863, ಎರಡೂ ವಿದರ್ಭದ ಲೆಕ್ಕದಲ್ಲಿವೆ. 2015ರ ರಣಜಿ ಫೈನಲ್‌ನಲ್ಲಿ ಕರ್ನಾಟಕಕ್ಕೆ 328 ಹೊಡೆದುಕೊಟ್ಟವನನ್ನು 2022ರಲ್ಲಿ ರಾಜ್ಯ ತಂಡದಿಂದ ಕೈಬಿಟ್ಟದ್ದು ಮುಂಬೈಯವರಲ್ಲ, ದೆಹಲಿಯವರಲ್ಲ. ಕ್ರಿಕೆಟ್ಟೇ ಇನ್ನೊಂದು ಅವಕಾಶ ಕೊಡು ಅಂತ ಅವನು ಆ ಡಿಸೆಂಬರ್‌ನಲ್ಲಿ ಟ್ವೀಟ್ ಮಾಡಿದಾಗ ಎಲ್ಲರೂ ಹೃದಯದ ಇಮೋಜಿ ಒತ್ತಿದೆವು. ಚಿನ್ನಸ್ವಾಮಿಯ ಕಡೆ ತಿರುಗಿ ಯಾಕೆ ಅಂತ ನಾನಂತೂ ಕೇಳಲಿಲ್ಲ.

ಅದಕ್ಕೇ ಈಗ ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಒಂದು ನಿಯಮ ತಂದಿದ್ದೇನೆ. ಬೈಯೋರು ಮೊದಲ ಬಾಲ್ ಬೀಳೋ ಮುಂಚೆ ಬೈಯಬೇಕು. ಯಾರು ಬೇಕಿತ್ತು, ಯಾರ ಜಾಗಕ್ಕೆ, ಯಾಕೆ, ಮೂರನ್ನೂ ಬರೀಬೇಕು. ಕಳೆದ ಸಲ ತಂಡ ಬಂದ ದಿನ ಗ್ರೂಪ್‌ನಲ್ಲಿ ಬಂದದ್ದು ಎರಡೇ ಮೆಸೇಜು. ಒಂದು ನಂದೇ.