ಟ್ಯಾಬ್‌ಗೂ ಬೇಕು ಒಂದಿಷ್ಟು ವಿಶ್ರಾಂತಿ

ಬೆಳಿಗ್ಗೆ ಮಗಳ ಪಾಠ, ಹನ್ನೊಂದಕ್ಕೆ ಅತ್ತೆಯವರ ಪ್ರವಚನ, ಮಧ್ಯಾಹ್ನ ನನ್ನ ಬರವಣಿಗೆ, ಸಂಜೆ ಮಗನ ಕಾರ್ಟೂನು, ರಾತ್ರಿ ನಮ್ಮವರ ಕ್ರಿಕೆಟ್ಟು. ನಮ್ಮ ಮನೆಯ ಟ್ಯಾಬ್‌ನ ದಿನಚರಿ ಇದು. ನಿಮ್ಮಲ್ಲೂ ಹೆಚ್ಚುಕಡಿಮೆ ಹೀಗೇ ಅಲ್ಲವೇ? ನಡುನಡುವೆ "ಮಮ್ಮೀ, ಚಾರ್ಜ್ ಇಲ್ಲ!" ಎಂಬ ಕೂಗು ಬೇರೆ. ಚಾರ್ಜಿಗೆ ಹಾಕೋದೂ ನಾನೇ, ಬೇಗ ಖಾಲಿಯಾದರೆ ಮಾತು ಕೇಳೋದೂ ನಾನೇ!

ಕಳೆದ ಬೇಸಿಗೆ ರಜೆಯಲ್ಲಿ ಬೆಳಗಾವಿಯಿಂದ ತವರಿಗೆ ಹೋಗಿದ್ದೆ. ಹುಕ್ಕೇರಿ ತಾಲೂಕಿನ ದಡ್ಡಿ, ಘಟಪ್ರಭೆಯ ದಂಡೆಯ ಊರು. ರಾತ್ರಿ ಮಕ್ಕಳು ಟ್ಯಾಬನ್ನು ಹಾಸಿಗೆ ಮೇಲೇ ಚಾರ್ಜಿಗೆ ಹಾಕಿ, ಕೌದಿಯೊಳಗೆ ಸಿನಿಮಾ ನೋಡುತ್ತಾ ಹಾಗೇ ನಿದ್ದೆ ಹೋಗಿದ್ದರು. ಬೆಳಿಗ್ಗೆ ಕೌದಿ ಮಡಚುತ್ತಿದ್ದ ಅವ್ವ ಅದನ್ನು ಎತ್ತಿ ನೋಡಿ, "ಏನವಾ ಇದು, ದನಕ್ಕ ಹೊಟ್ಟಿ ಉಬ್ಬಿದಂಗ ಉಬ್ಬೇತಲ್ಲ!" ಅಂದಳು. ಹೌದು, ಒಳಗಿನ ಬ್ಯಾಟರಿ ಉಬ್ಬಿ ಪರದೆ ಒಂದು ಬದಿಗೆ ಎದ್ದುಬಿಟ್ಟಿತ್ತು. ರಾತ್ರಿಯಿಡೀ ಅದು ಮಗನ ತಲೆದಿಂಬಿನ ಪಕ್ಕದಲ್ಲೇ ಇತ್ತು ಎಂದು ನೆನೆದು ನನ್ನ ಕೈಕಾಲು ತಣ್ಣಗಾದವು.

ನಾನು ಪರದೆಯನ್ನು ಒತ್ತಿ ಕೂರಿಸಲು ಹೋದೆ. ಅಣ್ಣನ ಮಗಳು ಓಡಿ ಬಂದಳು. "ಅತ್ತೀ, ಒತ್ತಬ್ಯಾಡ್ರಿ! ಮೊದಲ ಚಾರ್ಜರ್ ತಗೀರಿ."

ಅವಳ ಹತ್ತಿರವೂ ಒಂದು ಟ್ಯಾಬ್ ಇದೆ. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಹಂಚಿತಲ್ಲ, ಅದೇ. ನಮ್ಮದನ್ನು ಕೊಂಡಿದ್ದೂ ಆ ವರ್ಷವೇ. ಅವಳದು ಇನ್ನೂ ಗಟ್ಟಿಮುಟ್ಟಾಗಿದೆ, ನಮ್ಮದರ ಗತಿ ಹೀಗೆ. ಅದೃಷ್ಟವೂ ಸ್ವಲ್ಪ ಇರಬಹುದು. ಆದರೆ ಎರಡು ದಿನ ಅವಳ ರೀತಿ ನೋಡಿದ ಮೇಲೆ ತಪ್ಪು ಎಲ್ಲಿದೆ ಅಂತ ನನಗೆ ತಿಳಿಯಿತು.

"ಹಳೇದಾತು, ಹೊಸಾದು ತಗೊಂಡ್ರಾತು" ಎಂದರು ನಮ್ಮವರು ಫೋನಿನಲ್ಲಿ. ಅಲ್ಲ ಗೆಳತಿಯರೇ, ಅಭ್ಯಾಸ ಹಳೆಯದೇ ಇದ್ದರೆ ಹೊಸ ಟ್ಯಾಬ್ ತಂದು ಏನು ಪ್ರಯೋಜನ?

ಬ್ಯಾಟರಿಯ ಮೊದಲ ಶತ್ರು ಬಳಕೆಯಲ್ಲ, ಬಿಸಿ. ಟ್ಯಾಬ್‌ನೊಳಗೆ ಇರುವುದು ಲಿಥಿಯಂ ಅಯಾನ್ ಬ್ಯಾಟರಿ. 35 ಡಿಗ್ರಿ ದಾಟಿದ ಸೆಕೆ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಸಾಲದೆಂದು ನಾವು ಹಾಸಿಗೆ, ಕೌದಿ, ದಪ್ಪ ಕವರ್ ಸೇರಿಸುತ್ತೇವೆ. ಚಾರ್ಜ್ ಆಗುವಾಗಲೂ ಬಿಸಿ, ವಿಡಿಯೋ ಓಡುವಾಗಲೂ ಬಿಸಿ. ಎರಡೂ ಒಟ್ಟಿಗಾದರೆ ಒಳಗಿನ ರಾಸಾಯನಿಕ ಕೆಟ್ಟು ಅನಿಲವಾಗುತ್ತದೆ, ಹೊಟ್ಟೆ ಉಬ್ಬುತ್ತದೆ.

ಎರಡನೆಯದು, ಪೂರ್ತಿ ಉಪವಾಸ ಮತ್ತು ಕಂಠಪೂರ್ತಿ ಊಟ. "ಪೂರಾ ಖಾಲಿ ಮಾಡಿ ಆಮೇಲೆ ಪೂರಾ ತುಂಬಿಸು" ಎಂಬ ಮಾತು ಹಿಂದಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಈಗಿನವಕ್ಕೆ 20ರಿಂದ 80 ಪರ್ಸೆಂಟ್ ನಡುವೆ ಇದ್ದರೆ ಸುಖ. ಆಗಾಗ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿದರೆ ಹಾಳಾಗುತ್ತದೆ ಎಂಬ ಭಯ ಬೇಡ. ಇಂದು ಅರ್ಧ, ನಾಳೆ ಅರ್ಧ ಬಳಸಿದರೆ ಬ್ಯಾಟರಿಯ ಲೆಕ್ಕದಲ್ಲಿ ಅದು ಒಂದೇ ಸುತ್ತು. ಇಂಥ ಸುತ್ತುಗಳು ಎಣಿಕೆಯವೇ. 2025ರ ಜೂನ್‌ನಿಂದ ಯುರೋಪಿನ ಒಕ್ಕೂಟದಲ್ಲಿ ಮಾರುವ ಹೊಸ ಟ್ಯಾಬ್‌ಗಳ ಬ್ಯಾಟರಿ 800 ಸುತ್ತಿನ ನಂತರವೂ ಶೇ. 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕೆಂಬ ನಿಯಮವಿದೆ. ದಿನಕ್ಕೊಂದು ಸುತ್ತು ಓಡಿಸುವ ಮನೆಯಲ್ಲಿ 800 ಎಂದರೆ ಬರೀ ಎರಡು ವರ್ಷದ ಮೇಲೆ ಸ್ವಲ್ಪ, ಅಷ್ಟೇ!

ಹಾಗಾದರೆ ಏನು ಮಾಡಬೇಕು? ನಮ್ಮ ಮನೆಯಲ್ಲಿ ಈಗ ನಡೆದಿರುವುದು ಹೀಗೆ.

* ಚಾರ್ಜ್ ಮಾಡುವುದು ಕಟ್ಟಿಗೆಯ ಮೇಜಿನ ಮೇಲೆ, ದಪ್ಪ ಕವರ್ ತೆಗೆದು, ಎಲ್ಲರೂ ಎಚ್ಚರ ಇರುವಾಗ. ಹಾಸಿಗೆ, ಸೋಫಾ, ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿ, ನಿಲ್ಲಿಸಿದ ಕಾರು ಇವೆಲ್ಲ ನಿಷಿದ್ಧ.

* ಚಾರ್ಜ್ ಆಗುವಾಗ ಆಟವಿಲ್ಲ, ವಿಡಿಯೋ ಇಲ್ಲ. ಕೆಲವು ಹೊಸ ಟ್ಯಾಬ್‌ಗಳಲ್ಲಿ 80ಕ್ಕೆ ತಾನೇ ನಿಲ್ಲುವ ವ್ಯವಸ್ಥೆ ಸೆಟ್ಟಿಂಗ್ಸ್‌ನಲ್ಲಿದೆ, ನೋಡಿ.

* ಹೆಚ್ಚು ಶಕ್ತಿ ನುಂಗುವುದು ಪರದೆಯ ಬೆಳಕು. ಮನೆಯೊಳಗೆ ಅರ್ಧಕ್ಕಿಂತ ಕಡಿಮೆ ಸಾಕು. ಕಪ್ಪು ಹಿನ್ನೆಲೆ ಇಟ್ಟರೆ ಉಳಿತಾಯ ಎನ್ನುತ್ತಾರಲ್ಲ, ಅದು ಓಎಲ್ಇಡಿ ಪರದೆಗೆ ಮಾತ್ರ. ಕಡಿಮೆ ಬೆಲೆಯ ಟ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಇರುವ ಎಲ್‌ಸಿಡಿಗೆ ಅದರಿಂದ ಲಾಭವಿಲ್ಲ.

* ಸಿಮ್ ಹಾಕಿದ ಟ್ಯಾಬ್ ನೆಟ್‌ವರ್ಕ್ ಸರಿ ಸಿಗದ ಕಡೆ ಸಿಗ್ನಲ್ ಹುಡುಕುತ್ತಲೇ ಸುಸ್ತಾಗುತ್ತದೆ. ಊರಿಗೆ ಹೋಗುವ ಮೊದಲೇ ವೈಫೈನಲ್ಲಿ ಪಾಠ ಇಳಿಸಿಕೊಳ್ಳಿ. ದೀಕ್ಷಾ ಆ್ಯಪ್‌ನಲ್ಲಿ ಆ ಸೌಲಭ್ಯವಿದೆ. ಪಾಠ ಓದುವಾಗ ಏರೋಪ್ಲೇನ್ ಮೋಡ್ ಹಾಕಿದರೆ ಜಾಹೀರಾತು ನೋಟಿಫಿಕೇಶನ್‌ಗಳ ಕಾಟವೂ ತಪ್ಪುತ್ತದೆ.

* ರಜೆಗೆ ಮನೆಯಲ್ಲೇ ಬಿಟ್ಟು ಹೋಗುವುದಾದರೆ ಅರ್ಧ ಚಾರ್ಜ್ ಇಟ್ಟು ಸ್ವಿಚ್ ಆಫ್ ಮಾಡಿ, ತಂಪಾದ ಕಡೆ ಇಡಿ.

ಉಬ್ಬಿದ ಬ್ಯಾಟರಿಯ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. "ಇನ್ನೂ ನಡೀತೇತಲ್ಲ" ಎಂದು ಚಾರ್ಜಿಗೆ ಹಾಕಬೇಡಿ. ಒತ್ತುವುದು, ಚುಚ್ಚುವುದು, ಬಿಚ್ಚುವುದು ಮೂರೂ ಅಪಾಯ, ಬೆಂಕಿ ಹತ್ತಬಹುದು. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಕಸದ ಗಾಡಿಗಂತೂ ಹಾಕಲೇಬೇಡಿ. ಬಳಸಿದ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದ್ದೇ ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ನಮ್ಮ ಟ್ಯಾಬ್‌ಗೆ ಹೊಸ ಬ್ಯಾಟರಿ ಹಾಕಿಸಿದೆವು. ಹೊಸ ಟ್ಯಾಬ್‌ನ ಕಾಲು ಭಾಗದಷ್ಟೂ ಖರ್ಚಾಗಲಿಲ್ಲ. ಉಳಿದ ದುಡ್ಡು ಮಗಳ ಶಾಲೆಯ ಫೀಗೆ ಆಯಿತು.

ಇನ್ನೊಂದು ಮಾತು. ಚಾರ್ಜ್ ನೋಡಿಕೊಳ್ಳುವುದು ಅಮ್ಮನೊಬ್ಬಳ ಡ್ಯೂಟಿ ಏಕಾಗಬೇಕು? ಕೊನೆಗೆ ಬಳಸಿದವರೇ ಮೇಜಿನ ಮೇಲಿಡಬೇಕು, 80 ಆದಾಗ ಅವರೇ ತೆಗೆಯಬೇಕು ಎಂದು ಮನೆಯಲ್ಲಿ ಕಾನೂನು ಮಾಡಿದ್ದೇನೆ. ನಮ್ಮವರು ಮೊದಲು ನಕ್ಕರು. ಈಗ ಕ್ರಿಕೆಟ್ ಮುಗಿದ ಮೇಲೆ ತಾವೇ ಇಡುತ್ತಾರೆ.

ನಮ್ಮ ಕಡೆ ದಡ್ಡಿ ಎಂದರೆ ದನಕರು ಕೂಡಿಹಾಕುವ ಜಾಗ. ಮಟಮಟ ಮಧ್ಯಾಹ್ನ ಅಪ್ಪ ಎಷ್ಟೇ ಕೆಲಸವಿದ್ದರೂ ಎತ್ತಿನ ನೊಗ ಬಿಚ್ಚಿ ನೆರಳಿಗೆ ಕಟ್ಟುತ್ತಿದ್ದರು. "ದುಡಿಯೋ ಜೀವಕ್ಕ ದಣಿವು ಆರಬೇಕವಾ" ಅನ್ನುತ್ತಿದ್ದರು. ಈಗ ಮಧ್ಯಾಹ್ನ ಎರಡರಿಂದ ನಾಲ್ಕು ನಮ್ಮ ಟ್ಯಾಬ್‌ಗೆ ವಿಶ್ರಾಂತಿ. ಆ ಹೊತ್ತಿಗೆ ನಾನೂ ಸ್ವಲ್ಪ ಅಡ್ಡಾಗುತ್ತೇನೆ!