ರೋಗಿಯ ಅನುಭವವೂ ಲೋಕಹಿತವೂ

ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿಗೆ ಟೀಪೂ ಸುಲ್ತಾನನು “ಹಕೀಮ್ ನಂಜುಂಡ”ನೆಂಬ ಹೆಸರನ್ನಿತ್ತನೆಂದು ಪ್ರತೀತಿಯುಂಟು. ವ್ಯಾಧಿಪರಿಹಾರಾರ್ಥವಾಗಿ ಹರಕೆ ಹೊತ್ತು, ಕಪಿಲೆಯಲ್ಲಿ ಮಿಂದು, ಉರುಳುಸೇವೆ ಸಲ್ಲಿಸುವವರು ಇಂದಿಗೂ ಅಲ್ಲಿಗೆ ಬರುತ್ತಲೇ ಇದ್ದಾರೆ. ದೇವರ ಮುಂದೆ ರೋಗವನ್ನು ಬಿಚ್ಚಿ ಹೇಳಿಕೊಳ್ಳುವ ಈ ಜನರೇ ನೆರೆಹೊರೆಯವರ ಮುಂದೆ ಅದನ್ನು ಮರೆಮಾಚುತ್ತಾರೆ. ವೈದ್ಯರ ಹತ್ತಿರವೂ ವಕೀಲರ ಹತ್ತಿರವೂ ಸುಳ್ಳು ಹೇಳಬಾರದೆಂಬ ನಾಣ್ಣುಡಿ ನಮ್ಮಲ್ಲಿದ್ದರೂ, ಕ್ಷಯವನ್ನು ಬರಿಯ ಕೆಮ್ಮೆಂದೂ, ಮೂರ್ಛೆರೋಗವನ್ನು ತಲೆಸುತ್ತೆಂದೂ ಹೇಳಿ ಕಾಲ ನೂಕುವ ಕುಟುಂಬಗಳು ಊರೂರಿನಲ್ಲಿಯೂ ಇವೆ. ಇದರಿಂದ ನಷ್ಟವು ಆ ರೋಗಿಯೊಬ್ಬನಿಗೆ ಮಾತ್ರವಲ್ಲ. ಅದೇ ರೋಗದಿಂದ ನಾಳೆ ನರಳಲಿರುವವನಿಗೆ ಒದಗಬಹುದಾಗಿದ್ದ ಅನುಭವವೂ, ರೋಗದ ಮೂಲವನ್ನು ಶೋಧಿಸುವ ವಿದ್ವಾಂಸನಿಗೆ ಒದಗಬಹುದಾಗಿದ್ದ ಸಾಕ್ಷ್ಯವೂ ಅದರೊಡನೆಯೇ ಮಣ್ಣುಪಾಲಾಗುತ್ತವೆ.

ಇಂತಹ ಸಾಕ್ಷ್ಯದ ಬೆಲೆಯೆಷ್ಟೆಂಬುದನ್ನು ಅರಿಯಲು ವಾಚಕರು ದೂರ ಹೋಗಬೇಕಾಗಿಲ್ಲ. ಮೈಸೂರಿನಲ್ಲಿ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದ ಮೊದಲ್ಗೊಂಡು, ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನೂ ತಾಯಂದಿರ ತೂಕವನ್ನೂ ದಫ್ತರಗಳಲ್ಲಿ ಬರೆದಿಡುತ್ತಿದ್ದರು. ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಕಳೆದ ಮೇಲೆ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕೆರೊಲಿನ್ ಫಾಲ್ ಮೊದಲಾದ ವಿದ್ವಾಂಸರೂ ನಮ್ಮ ವೈದ್ಯರೂ ಕೂಡಿ, ಆ ಶಿಶುಗಳು ಈಗ ಎಲ್ಲಿರುವರೆಂದು ಆಸ್ಪತ್ರೆಯ ಆಸುಪಾಸಿನಲ್ಲಿ ಹುಡುಕಿಸಿದರು. 1934ರಿಂದ 1954ರವರೆಗೆ ಹುಟ್ಟಿದವರಲ್ಲಿ 517 ಮಂದಿ ಪರೀಕ್ಷೆಗೊಳಗಾದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶವಿದು: ಹುಟ್ಟುವಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿದ್ದಿತು, 3.1 ಕಿಲೋಗ್ರಾಮಿಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತಾಯಿಯೂ ಕೃಶಳಾಗಿ ಶಿಶುವೂ ಕೃಶವಾಗಿದ್ದ ಕಡೆ ಇದು ನೂರಕ್ಕೆ 20ರವರೆಗೆ ಏರಿದ್ದಿತು. ಬಸುರಿಯ ಹೊಟ್ಟೆಗೆ ಬೀಳದ ಅನ್ನವು ಮಗನ ಎದೆಯನ್ನು ಐವತ್ತನೆಯ ವಯಸ್ಸಿನಲ್ಲಿ ಬಾಧಿಸಬಲ್ಲುದೆಂಬ ಸೂಚನೆಯನ್ನು ಲೋಕಕ್ಕೆ ಕೊಟ್ಟವುಗಳಲ್ಲಿ ಮೈಸೂರಿನ ಈ ಹಳೆಯ ದಫ್ತರಗಳೂ ಸೇರಿವೆ.

ಕಾರ್ಯವು ಅಲ್ಲಿಗೇ ನಿಲ್ಲಲಿಲ್ಲ. 1997–98ರಲ್ಲಿ ಅದೇ ಆಸ್ಪತ್ರೆಯ ಎಂಟುನೂರಕ್ಕೂ ಮೇಲ್ಪಟ್ಟ ಗರ್ಭಿಣಿಯರು ಹೊಸದೊಂದು ಅಧ್ಯಯನಕ್ಕೆ ಒಪ್ಪಿ, ಹುಟ್ಟಿದ ಮಕ್ಕಳನ್ನು ವರ್ಷ ವರ್ಷಗಳ ಕಾಲ ಪರೀಕ್ಷೆಗೆ ಕರೆತಂದರು. ಬಸುರಿನಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಎಳೆವಯಸ್ಸಿನಲ್ಲಿಯೇ ಕೊಬ್ಬು ಹೆಚ್ಚಾಗಿರುವುದನ್ನು ಡಾಕ್ಟರ್ ಜಿ. ವಿ. ಕೃಷ್ಣವೇಣಿಯವರೂ ಅವರ ಸಹೋದ್ಯೋಗಿಗಳೂ ಕಂಡುಕೊಂಡರು. ಆ ತಾಯಂದಿರ ಸಹಕಾರವಿಲ್ಲದಿದ್ದರೆ ಈ ಅರಿವು ದೊರೆಯುತ್ತಿರಲಿಲ್ಲ.

ಸಂಶೋಧನೆಯ ಮಾತು ಹಾಗಿರಲಿ, ರೋಗಿಯು ರೋಗಿಗೆ ಹೇಳುವ ಮಾತಿನ ಪ್ರಯೋಜನವೂ ಸಾಮಾನ್ಯವಲ್ಲ. ದಾವಣಗೆರೆಯಲ್ಲಿ ಡಾಕ್ಟರ್ ಸುರೇಶ ಹನಗವಾಡಿಯವರು ತಾವೇ ಹಿಮೋಫಿಲಿಯಾ ರೋಗಿಗಳಾಗಿದ್ದು, ಅದನ್ನು ಮುಚ್ಚಿಡದೆ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಮೂಲಕ ರಕ್ತ ಹೆಪ್ಪುಗಟ್ಟದ ಆ ರೋಗದವರಿಗೆ ನೆರವಾಗಿರುವುದು ಸರ್ವವಿದಿತ. ಮಗುವಿನ ಮೊಣಕಾಲು ಊದಿದಾಗ ಮಂಜುಗಡ್ಡೆಯಿಡಬೇಕು, ಮಾಂಸಖಂಡಕ್ಕೆ ಸೂಜಿಮದ್ದು ಹಾಕಿಸಕೂಡದು ಎಂಬ ಮಾತನ್ನು ಅನುಭವಿಸಿದ ತಾಯಿಯೊಬ್ಬಳು ಹೇಳಿದರೆ ಹೊಸ ತಾಯಿಯ ಮನಸ್ಸಿಗೆ ನಾಟುವಂತೆ ಪುಸ್ತಕದ ಮಾತು ನಾಟಲಾರದು.

ಈಗ ತಾಂಡ್ಯದ ಕಡೆಗೆ ದೃಷ್ಟಿ ಹರಿಸೋಣ. ಅಲ್ಲಿಯ ಕೈಗಾರಿಕಾ ಪ್ರದೇಶಕ್ಕೆ ಸುತ್ತಲಿನ ಗ್ರಾಮಗಳ ಒಕ್ಕಲುಮಕ್ಕಳು ಕೆಲಸಕ್ಕೆ ಹೋಗುವರು. ಒಬ್ಬ ಕಾರ್ಮಿಕನ ಕೆಮ್ಮು ಅವನೊಬ್ಬನ ಸಂಕಟ. ಐವತ್ತು ಮಂದಿಯ ಕೆಮ್ಮನ್ನು, ಅವರು ಮಾಡಿದ ಕೆಲಸವನ್ನೂ ವರ್ಷಗಳನ್ನೂ ಸೇರಿಸಿ ಒಂದೇ ಪುಸ್ತಕದಲ್ಲಿ ಬರೆದರೆ, ಯಾವ ಧೂಳು ಯಾರ ಶ್ವಾಸಕೋಶವನ್ನು ಕೆಡಿಸುತ್ತಿದೆಯೆಂಬುದು ಬಯಲಾದೀತು. ಕಸುಬಿನಿಂದ ಬರುವ ಇಂತಿಂತಹ ರೋಗಗಳನ್ನು ವೈದ್ಯರು ಸರ್ಕಾರಕ್ಕೆ ತಿಳಿಸತಕ್ಕದ್ದೆಂದು 1948ರ ಕಾರ್ಖಾನೆ ಕಾಯಿದೆಯಲ್ಲಿಯೇ ವಿಧಿಸಿದ್ದಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿಯೂ ಅಂತಹ ಪಟ್ಟಿಯಿದೆ. ಆದರೆ ರೋಗಿಯು ಬಾಯಿ ಬಿಡದಿದ್ದರೆ ಪಟ್ಟಿಯಿಂದ ಫಲವೇನು?

ಅವನೇಕೆ ಬಾಯಿ ಬಿಡುವುದಿಲ್ಲ? ಅಜ್ಞಾನದಿಂದಲೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಕೆಲಸ ಹೋದೀತು, ಮಗಳ ಸಂಬಂಧ ಮುರಿದೀತು ಎಂಬ ಅವನ ಭಯಕ್ಕೆ ಆಧಾರವಿದೆ. 2020ರ ಮಾರ್ಚಿಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರಲ್ಲಿ ಕೊರೋನಾ ಕಾಣಿಸಿಕೊಂಡು ಕಾರ್ಮಿಕರೂ ಮನೆಯವರೂ ಗೃಹನಿರ್ಬಂಧಕ್ಕೊಳಗಾದ ದಿನಗಳನ್ನು ಆ ಸೀಮೆಯವರು ಮರೆತಿಲ್ಲ. ಅದೇ ತಿಂಗಳಲ್ಲಿ ರಾಜ್ಯ ಸರ್ಕಾರದವರು ಗೃಹನಿರ್ಬಂಧದಲ್ಲಿದ್ದವರ ವಿಳಾಸಗಳನ್ನು ಲೋಕಕ್ಕೆಲ್ಲ ಕಾಣುವಂತೆ ಪ್ರಕಟಿಸಿದರು. ರೋಗವನ್ನು ತಡೆಯುವ ಉದ್ದೇಶವು ಒಳ್ಳೆಯದೇ. ಆದರೆ ಹೇಳಿಕೊಂಡವನ ಮನೆಯ ಬಾಗಿಲು ಊರಿಗೆಲ್ಲ ಗುರುತಾಗುವುದಾದರೆ, ಮುಂದಿನ ಸಲ ಹೇಳಿಕೊಳ್ಳುವವರಾರು?

ಕೇಳಿ ಪಡೆದದ್ದು ದಾನ, ಕೇಳದೆ ಒಯ್ದದ್ದು ಸುಲಿಗೆ. ಈ ಭೇದವನ್ನು ನಮ್ಮ ಶಾಸನಗಳು ಅರ್ಧ ಮಾತ್ರ ಒಪ್ಪಿಕೊಂಡಿವೆ. ಎಚ್‌ಐವಿ ಸೋಂಕಿತರ ಗುಟ್ಟನ್ನು ಕಾಪಾಡಿ, ಉದ್ಯೋಗದಲ್ಲಿ ಅವರಿಗೆ ಪಕ್ಷಪಾತವಾಗದಂತೆ ತಡೆಯುವ ಕಾಯಿದೆಯು 2017ರಲ್ಲಿ ಆಯಿತು. ಕ್ಷಯರೋಗಿಗೂ ಮೂರ್ಛೆರೋಗಿಗೂ ಅಂತಹ ಪ್ರತ್ಯೇಕ ರಕ್ಷೆ ಏಕೆ ಬೇಡ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಾದರೋ, ಆ ವ್ಯಕ್ತಿಯ ಬಗ್ಗೆ ನಿರ್ಣಯ ಕೈಕೊಳ್ಳಲು ಬಳಸದಿದ್ದಲ್ಲಿ, ಸಂಶೋಧನೆಗೆ ವಿನಾಯಿತಿಯನ್ನಿತ್ತಿದೆ. ವಿನಾಯಿತಿ ಬೇಕೇ ಬೇಕು. ಇಲ್ಲದಿದ್ದರೆ ಮೈಸೂರಿನ ದಫ್ತರಗಳಂತಹವು ಗೆದ್ದಲಿಗೆ ಆಹಾರವಾದಾವು. ಆದರೆ ವಿನಾಯಿತಿಯ ಬಾಗಿಲಿಗೆ ಕಾವಲೂ ಬೇಕು.

ಆದುದರಿಂದ ನಾವು ಸರ್ಕಾರದವರನ್ನೂ ವೈದ್ಯಸಂಸ್ಥೆಗಳನ್ನೂ ಕೇಳಿಕೊಳ್ಳುವುದು ಮೂರೇ ಸಂಗತಿಗಳನ್ನು. ಮೊದಲನೆಯದು, ಒಪ್ಪಿಗೆಯ ಕಾಗದವು ರೋಗಿಗೆ ತಿಳಿಯುವ ಕನ್ನಡದಲ್ಲಿರಬೇಕು. ಓದಬಾರದವನಿಗೆ ಓದಿ ಹೇಳಬೇಕು. ಒಲ್ಲೆನೆಂದವನಿಗೆ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ಕೊರತೆಯಾಗಕೂಡದು. ಎರಡನೆಯದು, ಹೆಸರು ವಿಳಾಸಗಳನ್ನು ಬೇರ್ಪಡಿಸಿ ಬೀಗಮುದ್ರೆಯಲ್ಲಿಡಬೇಕು. ಕಾರ್ಖಾನೆಯ ಯಜಮಾನನ ಕೈಗಾಗಲಿ ವಿಮೆಯವರ ಕೈಗಾಗಲಿ ಅವು ಹೋಗಕೂಡದು. ಮೂರನೆಯದು, ಕಂಡುಕೊಂಡದ್ದನ್ನು ಕೊಟ್ಟವರಿಗೆ ಗ್ರಾಮಸಭೆಯಲ್ಲಿ ನಿಂತು ತಿಳಿಯಹೇಳಬೇಕು. ರಕ್ತವನ್ನು ಕೊಟ್ಟ ರೈತನಿಗೆ ಫಲಿತಾಂಶವು ಇಂಗ್ಲಿಷಿನ ಪತ್ರಿಕೆಯಲ್ಲಿಯೇ ಉಳಿಯುವುದು ನ್ಯಾಯವಲ್ಲ.

ಮಹಾಜನರಿಗೂ ಒಂದು ಮಾತು. ವಿದ್ಯಾವಂತರೂ ಅಧಿಕಾರಿಗಳೂ ಆದ ನಮ್ಮ ವಾಚಕರೇ ತಮ್ಮ ಮನೆಯ ರೋಗವನ್ನು ಎಲ್ಲರಿಗಿಂತ ಬಿಗಿಯಾಗಿ ಮುಚ್ಚಿಡುವವರು. ಕೆಲಸ ಹೋಗುವ ಭಯವಿಲ್ಲದ ಇವರು ಮೊದಲು ಬಾಯಿ ತೆರೆದರೆ, ಆ ಭಯವಿರುವ ತಾಂಡ್ಯದ ಕಾರ್ಮಿಕನಿಗೆ ಧೈರ್ಯ ಬಂದೀತು. ಪ್ರತಿಯೊಂದು ಪ್ರಾಥಮಿಕ ಆರೋಗ್ಯಕೇಂದ್ರದಲ್ಲಿಯೂ ತಿಂಗಳಿಗೊಮ್ಮೆ ರೋಗಿಗಳು ಒಟ್ಟಿಗೆ ಕುಳಿತು ಮಾತನಾಡುವ ಏರ್ಪಾಡಾಗಲಿ. ಅದಕ್ಕೆ ಬೇಕಾದುದು ಒಂದು ಜಮಖಾನ, ಒಂದು ಗಂಟೆಯ ಬಿಡುವು, ಕೇಳಿದ್ದನ್ನು ಹೊರಗೆ ಆಡದ ನಾಲಿಗೆ, ಇಷ್ಟೇ.