ಚೆನ್ನಾಗಿ ಮಾರಾಟವಾದರೆ ಪೇಟೆಂಟ್ ಸಿಕ್ಕೇ ಸಿಗುತ್ತದೆಯೇ?

ಕಮಲಾಪುರದ ಕೆಂಪು ಬಾಳೆಗೆ ‘ಪೇಟೆಂಟ್ ಸಿಕ್ಕಿದೆ’ ಎನ್ನುವವರಿದ್ದಾರೆ. ಸಿಕ್ಕಿರುವುದು ಪೇಟೆಂಟ್ ಅಲ್ಲ, ಜಿಐ ಟ್ಯಾಗ್. ಕಲಬುರಗಿಯ ತೊಗರಿ ಬೇಳೆಗೂ 2019ರಲ್ಲಿ ಸಿಕ್ಕಿದ್ದು ಅದೇ. ಜಿಐಗೆ ಊರಿನ ಹೆಸರೇ ಬಲ. ಗಿಡ, ಬೀಜ, ತಳಿಗಳಿಗಂತೂ ನಮ್ಮ ದೇಶದಲ್ಲಿ ಪೇಟೆಂಟ್ ಕೊಡುವುದೇ ಇಲ್ಲ.

ಯಂತ್ರಕ್ಕೆ ಕೊಡುತ್ತಾರೆ. ಕಲಬುರಗಿಯ ಒಬ್ಬರು ನುಚ್ಚು ಕಡಿಮೆ ಮಾಡುವ ಹೊಸ ದಾಲ್ ಮಿಲ್ ಯಂತ್ರ ಮಾಡಿದರು ಎಂದಿಟ್ಟುಕೊಳ್ಳಿ. ‘ಇದರಲ್ಲಿ ಹೊಸತೇನಿದೆ, ಯಾವ ಮೆಕ್ಯಾನಿಕ್‌ಗಾದರೂ ಹೊಳೆಯುತ್ತಿತ್ತು’ ಎಂದು ಪೇಟೆಂಟ್ ಕಚೇರಿ ಅರ್ಜಿ ತಿರಸ್ಕರಿಸಿತು. ಅವರು ಮೇಲ್ಮನವಿ ಹಾಕಿ, ‘ಇಷ್ಟು ಮಾರಾಟವಾಗಿದೆಯಲ್ಲ, ಸ್ವಾಮಿ?’ ಎಂದು ಬಿಲ್ಲುಗಳ ಕಟ್ಟು ಮುಂದಿಡುತ್ತಾರೆ. ಸಾಕೇ?

ಸಾಲದು. 1970ರ ಪೇಟೆಂಟ್ ಕಾಯ್ದೆಯಲ್ಲಿ ‘ಆರ್ಥಿಕ ಮಹತ್ವ’ ಎಂಬ ಮಾತು ಇದೆ, ನಿಜ. ಆದರೆ ಆ ಕೆಲಸ ಬಲ್ಲವರಿಗೆ ಸುಲಭವಾಗಿ ಹೊಳೆಯದಂಥದ್ದು ಅದರಲ್ಲಿರಬೇಕು ಎಂಬ ಷರತ್ತೂ ಜೊತೆಗಿದೆ. ಪಾತ್ರೆ ತಯಾರಿಕೆಯ ಯಂತ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ, ವರ್ಕ್‌ಶಾಪ್‌ನಲ್ಲಿ ಮಾಡುವ ಸಣ್ಣಪುಟ್ಟ ಸುಧಾರಣೆ ಆವಿಷ್ಕಾರವಲ್ಲ ಎಂದಿದೆ.

ಹಾಗಾದರೆ ಮಾರಾಟದ ಲೆಕ್ಕ ವ್ಯರ್ಥವೇ? ಅದೂ ಅಲ್ಲ. ಬಹಳ ದಿನದಿಂದ ಎಲ್ಲರಿಗೂ ಬೇಕಿದ್ದದ್ದನ್ನು ಯಾರೂ ಮಾಡಿರಲಿಲ್ಲ, ಇವರು ಮಾಡಿದ ಕೂಡಲೇ ಜನ ಮುಗಿಬಿದ್ದರು ಎಂದಾದರೆ ಅದು ಪೂರಕ ಸಾಕ್ಷ್ಯ. ತೋರಿಸಬೇಕಾದದ್ದು ಕೊಂಡ ಕಾರಣ. ಬೆಲೆ ಇಳಿಸಿದ್ದಕ್ಕೋ, ಸಬ್ಸಿಡಿ ಇದ್ದದ್ದಕ್ಕೋ, ಆ ವರ್ಷ ತೊಗರಿ ಹೆಚ್ಚು ಬಂದದ್ದಕ್ಕೋ ಮಾರಾಟ ಏರಿದ್ದರೆ ಪ್ರಯೋಜನವಿಲ್ಲ. ಅರ್ಜಿಯಲ್ಲಿ ಹಕ್ಕು ಕೇಳಿದ ಆ ಭಾಗಕ್ಕಾಗಿಯೇ ಕೊಂಡೆವು ಎಂದು ಮಿಲ್ ಮಾಲೀಕರು ಅಫಿಡವಿಟ್ ಕೊಟ್ಟರೆ, ಹಳೆಯ ಯಂತ್ರದ ಮಾರಾಟದ ಜೊತೆ ಹೋಲಿಕೆ ಇದ್ದರೆ ತೂಕ ಬರುತ್ತದೆ. ಇವನ್ನೆಲ್ಲ ಕಚೇರಿಯ ಹಂತದಲ್ಲೇ ಕೊಡುವುದು ಒಳ್ಳೆಯದು. ಮೇಲ್ಮನವಿಯಲ್ಲಿ ಹೊಸ ಪುರಾವೆಯನ್ನು ಸುಲಭಕ್ಕೆ ಒಪ್ಪುವುದಿಲ್ಲ.

ಅಂದ ಹಾಗೆ, ಕಲಬುರಗಿಯಲ್ಲೇ ಹೈಕೋರ್ಟ್ ಪೀಠವಿದೆಯಲ್ಲ ಎಂದುಕೊಳ್ಳಬೇಡಿ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತವೆ. ಮೇಲ್ಮನವಿ ಸಾಮಾನ್ಯವಾಗಿ ಮದ್ರಾಸ್ ಹೈಕೋರ್ಟಿಗೆ, 3 ತಿಂಗಳೊಳಗೆ.

ನಮಗೆ ಇದೆಲ್ಲಕ್ಕಿಂತ ಮುಖ್ಯವೆನಿಸುವುದು ಬಿಲ್ಲಿನ ಮೇಲಿನ ತಾರೀಕು. ಅರ್ಜಿ ಹಾಕುವ ಮೊದಲೇ ಯಂತ್ರ ಮಾರಿದ್ದರೆ, ಗೆಲ್ಲಲು ತಂದ ಆ ಬಿಲ್ಲೇ ಎದುರಾಳಿಯ ಕೈಗೆ ಅಸ್ತ್ರ. ‘ಆಗಲೇ ಪೇಟೆಯಲ್ಲಿತ್ತು, ಹೊಸತೆಲ್ಲಿ?’ ಎಂದು ಕೇಳಿಬಿಡುತ್ತಾರೆ. ಮೊದಲು ಪ್ರಾವಿಷನಲ್ ಅರ್ಜಿ ಹಾಕಿ, ಆಮೇಲೆ ಮಾರಿ. ಪೂರ್ಣ ವಿವರ ಸಲ್ಲಿಸಲು 12 ತಿಂಗಳ ಅವಕಾಶವಿದೆ.